ಕೋಗಿಲೆ ಕನ್ನಡ ಪದ ಅಲ್ವಾ? ಒಂದು ಟೆಸ್ಟಿಂಗ್ ಫ್ರೇಮ್‌ವರ್ಕ್ ರಿಪೇರಿಯ ಪಾಠ

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜ್ ಆಗಿತ್ತು. ಹಾಗಾಗಿ ಈ ಲೇಖನದಲ್ಲಿ ಇಂಗ್ಲಿಷ್ ಪದಗಳು ಸ್ವಲ್ಪ ಜಾಸ್ತಿನೇ ಇವೆ, ಹೊಟ್ಟೆಗೆ ಹಾಕ್ಕೊಳ್ಳಿ. ಜಾವಾಸ್ಕ್ರಿಪ್ಟ್ ಒಂಚೂರು ಗೊತ್ತಿದ್ರೆ ಸಾಕು, ಪೂರ್ತಿ ಅರ್ಥ ಆಗುತ್ತೆ. ಗೊತ್ತಿಲ್ಲದಿದ್ರೂ ಅರ್ಧಕ್ಕಿಂತ ಜಾಸ್ತಿ ಅರ್ಥ ಆಗುತ್ತೆ.

ಮೊದಲು ನಡೆದದ್ದು ಹೇಳಿಬಿಡ್ತೀನಿ. ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ‘ಪದ ಓಟ’ ಅಂತ ಒಂದು ಆಟ ಇಟ್ಟಿದ್ವಿ. ಪರದೆ ಮೇಲೆ ಒಂದು ಅಕ್ಷರ ಬರುತ್ತೆ. ಅದರಿಂದ ಶುರುವಾಗೋ ಪದವನ್ನು ಟೈಪ್ ಮಾಡಬೇಕು. ಆ ಪದ ನಮ್ಮ ಪಟ್ಟಿಯಲ್ಲಿದ್ರೆ, ಅದರಲ್ಲಿ ಎಷ್ಟು ಅಕ್ಷರ ಇದೆಯೋ ಅಷ್ಟು ಅಂಕ. ಪ್ರೋಗ್ರಾಂ ಬರೆದಿದ್ದು ನಾವು ಮೂರು ಜನ. ಲ್ಯಾಪ್‌ಟಾಪ್ ಮುಂದೆ ಕೂತಿದ್ದು ನಾನು.

ಕೊನೇ ಸುತ್ತಿನಲ್ಲಿ ‘ಕೋ’ ಬಂತು. ಮೊದಲ ವರ್ಷದ ಒಬ್ಬ ಹುಡುಗಿ ‘ಕೋಗಿಲೆ’ ಅಂತ ಟೈಪ್ ಮಾಡಿದಳು. ಪರದೆ ಮೇಲೆ ಕೆಂಪಕ್ಷರದಲ್ಲಿ ‘ಈ ಪದ ಇಲ್ಲ’ ಅಂತ ಬಂತು. ಎಲ್ಲರೂ ನಕ್ಕರು. ಅವಳು ನನ್ನ ಹತ್ರ ಬಂದು, ‘ಅಕ್ಕ, ಕೋಗಿಲೆ ಕನ್ನಡ ಪದ ಅಲ್ವಾ?’ ಅಂತ ಕೇಳಿದಳು. ಅದಕ್ಕೆ ನಾನು ಕೊಟ್ಟ ಉತ್ತರ ನೆನೆಸಿಕೊಂಡ್ರೆ ಈಗಲೂ ನಾಚಿಕೆ ಆಗುತ್ತೆ: ‘ಪಟ್ಟಿಯಲ್ಲಿ ಇಲ್ಲ ಅನ್ಸುತ್ತೆ. ನಾವು ಎಲ್ಲಾ ಟೆಸ್ಟ್ ಮಾಡಿದ್ದೀವಿ, ಎಲ್ಲಾ ಪಾಸ್ ಆಗಿದೆ.’ ಅವಳು 2 ಅಂಕದಿಂದ ಎರಡನೇ ಸ್ಥಾನಕ್ಕೆ ಹೋದಳು. ಕೋಗಿಲೆಗೆ 3 ಅಂಕ ಬರಬೇಕಿತ್ತು.

ಮನೆಗೆ ಬಂದು ನೋಡಿದ್ರೆ ‘ಕೋಗಿಲೆ’ ಪಟ್ಟಿಯಲ್ಲಿ ಇತ್ತು, 212ನೇ ಸಾಲಿನಲ್ಲಿ. ಅದಕ್ಕಿಂತ ವಿಚಿತ್ರ ಏನಂದ್ರೆ, ಕೋಗಿಲೆ ಸಿಗುತ್ತಾ ಅಂತ ನೋಡೋ ಟೆಸ್ಟ್ ಕೂಡ ನಾವು ಬರೆದಿದ್ವಿ. ಅದರ ಮುಂದೆ ಹಸಿರು ಟಿಕ್ ಇತ್ತು.

ಅಂದ್ರೆ ತಪ್ಪು ಎರಡು ಕಡೆ ಇತ್ತು. ಆಟದಲ್ಲಿ ಒಂದು, ಆಟವನ್ನು ಪರೀಕ್ಷೆ ಮಾಡೋ ಫ್ರೇಮ್‌ವರ್ಕ್‌ನಲ್ಲಿ ಇನ್ನೊಂದು. ಈ ಲೇಖನ ಮುಖ್ಯವಾಗಿ ಎರಡನೆಯದರ ಬಗ್ಗೆ.

ಟೆಸ್ಟಿಂಗ್ ಫ್ರೇಮ್‌ವರ್ಕ್ ಅಂದ್ರೇನು?

ನೀವು ಒಂದು ಫಂಕ್ಷನ್ ಬರೆದಿದ್ದೀರಿ ಅಂದ್ಕೊಳ್ಳಿ. ಅದು ಸರಿಯಾಗಿದೆಯಾ ಅಂತ ಪ್ರತೀ ಸಲ ಕೈಯಲ್ಲಿ ಟೈಪ್ ಮಾಡಿ ನೋಡೋದು ಬೇಜಾರು. ಅದಕ್ಕೇ ‘ಈ ಇನ್‌ಪುಟ್ ಕೊಟ್ಟರೆ ಈ ಔಟ್‌ಪುಟ್ ಬರಬೇಕು’ ಅಂತ ಒಂದು ಫೈಲಲ್ಲಿ ಬರೆದಿಡ್ತೀವಿ. ಆ ಫೈಲನ್ನು ಓದಿ, ಒಂದೊಂದೇ ನಡೆಸಿ, ಪಾಸು ಫೇಲು ಹೇಳೋದು ಫ್ರೇಮ್‌ವರ್ಕ್‌ನ ಕೆಲಸ.

ಇದಕ್ಕೆ ಒಂದು ವಂಶಾವಳಿ ಇದೆ. ಕೆಂಟ್ ಬೆಕ್ ಅನ್ನೋರು ಸ್ಮಾಲ್‌ಟಾಕ್ ಭಾಷೆಗೆ ಎಸ್‌ಯೂನಿಟ್ ಬರೆದರು. 1997ರಲ್ಲಿ ಅವರು ಮತ್ತು ಎರಿಕ್ ಗಾಮಾ ಸೇರಿ ವಿಮಾನದಲ್ಲಿ ಪ್ರಯಾಣ ಮಾಡ್ತಾ ಜಾವಾಗೆ ಜೆಯೂನಿಟ್ ಬರೆದರು. ಜಾವಾಸ್ಕ್ರಿಪ್ಟ್‌ಗೆ 2008ರ ಹೊತ್ತಿಗೆ ಜೇಕ್ವೆರಿ ತಂಡದಿಂದ ಕ್ಯೂಯೂನಿಟ್, 2010ರಲ್ಲಿ ಜಾಸ್ಮಿನ್, 2011ರಲ್ಲಿ ಮೋಕಾ ಬಂದವು. ಫೇಸ್‌ಬುಕ್‌ನಲ್ಲಿ ಹುಟ್ಟಿದ ಜೆಸ್ಟ್ 2014ರಲ್ಲಿ ಎಲ್ಲರಿಗೂ ಸಿಕ್ಕಿತು, 2022ರಲ್ಲಿ ಓಪನ್‌ಜೆಎಸ್ ಫೌಂಡೇಶನ್‌ಗೆ ಸೇರಿತು. ಅದೇ 2022ರಲ್ಲಿ ನೋಡ್‌ನ 18ನೇ ಆವೃತ್ತಿಯ ಒಳಗೇ ಒಂದು ಟೆಸ್ಟ್ ರನ್ನರ್ ಬಂತು.

‘ಇಷ್ಟೆಲ್ಲಾ ಇರುವಾಗ ನೀವ್ಯಾಕೆ ಸ್ವಂತದ್ದು ಬರೆದ್ರಿ?’ ಅಂತ ಕೇಳ್ತೀರಾ. ನಿಜ ಹೇಳ್ಬೇಕಂದ್ರೆ, ಮೊದಲ ವರ್ಷದಲ್ಲಿ ನಮಗೆ ಇವು ಯಾವುದೂ ಗೊತ್ತಿರಲಿಲ್ಲ. ಇನ್ನೊಂದು ಕಾರಣ, ಜಾವಾಸ್ಕ್ರಿಪ್ಟ್‌ನಲ್ಲಿ ಫಂಕ್ಷನ್ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು ಅಂತ ಗೊತ್ತಾದಾಗ ಆದ ಖುಷಿ. ಕೆಳಗಿರೋದು ಸುಮ್ಮನೆ ತೋರಿಸೋಕೆ ಬರೆದದ್ದಲ್ಲ, ಬ್ರೌಸರ್‌ನಲ್ಲಿ ನಿಜವಾಗಿ ಓಡೋ ಕೋಡು:

ಪರೀಕ್ಷೆ("ಕನ್ನಡ ಪದಕ್ಕೆ ಮೂರು ಅಕ್ಷರ", () => {
  ನಿರೀಕ್ಷೆ(ಅಕ್ಷರಎಣಿಕೆ("ಕನ್ನಡ")).ಸಮ(3);
});

ಕೀವರ್ಡ್‌ಗಳು ಮಾತ್ರ ಇಂಗ್ಲಿಷಲ್ಲೇ ಇರಬೇಕು. ಹೆಸರುಗಳಿಗೆ ಯಾವ ಲಿಪಿಯಾದರೂ ನಡೆಯುತ್ತೆ.

ಮೂರು ಅಕ್ಷರ ಅಂತ ಯಾರು ಹೇಳಿದ್ದು?

‘ಕನ್ನಡ’ ಅಂದ್ರೆ ಮೂರು ಅಕ್ಷರ ಅಂತ ಒಂದನೇ ಕ್ಲಾಸ್ ಮಗು ಹೇಳುತ್ತೆ. ಜಾವಾಸ್ಕ್ರಿಪ್ಟ್‌ಗೆ ಉದ್ದ ಕೇಳಿದ್ರೆ 5 ಅನ್ನುತ್ತೆ. ಯಾಕಂದ್ರೆ ಯೂನಿಕೋಡ್‌ನಲ್ಲಿ ಅದು ಕ, ನ, ಅರ್ಧಚಿಹ್ನೆ, ನ, ಡ ಅಂತ ಐದು ಸಂಕೇತ. ಒತ್ತಕ್ಷರಕ್ಕೆ ಬೇರೆ ಸಂಕೇತ ಇಲ್ಲ, ಅರ್ಧಚಿಹ್ನೆ ಬಂದರೆ ಮುಂದಿನ ವ್ಯಂಜನ ಕೆಳಗೆ ಇಳಿಯುತ್ತೆ ಅಷ್ಟೇ. ಪದವನ್ನು ತುಂಡು ಮಾಡೋಕೆ ಬ್ರೌಸರ್‌ನಲ್ಲೇ ಇರೋ ಸೆಗ್ಮೆಂಟರ್ ಅನ್ನು ಕೇಳಿದ್ರೆ 4 ಅಂತು. ಅದು ‘ನ್’ ಮತ್ತು ‘ನ’ ಎರಡನ್ನೂ ಬೇರೆ ಮಾಡ್ತು.

ಹಾಗಾದ್ರೆ ಸರಿ ಉತ್ತರ ಯಾರನ್ನ ಕೇಳೋದು? ಚಿಕ್ಕಲಸಂದ್ರದಲ್ಲಿ ಉತ್ತರಹಳ್ಳಿ ಮೇನ್ ರೋಡಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಲ್ಲಿ ನಮ್ಮ ಅಜ್ಜಿ ದಿನಾ ಬೆಳಿಗ್ಗೆ ಪೇಪರ್‌ನ ಪದಬಂಧ ತುಂಬ್ತಾರೆ. ಅವರೇ ನಮ್ಮ ಪರಿಣತರು. ‘ಬಸ್’ ಎಷ್ಟಕ್ಷರ ಅಜ್ಜಿ ಅಂದೆ. ‘ಪದಬಂಧದಲ್ಲಿ ಎರಡು ಮನೆ ಪುಟ್ಟಿ. ಬ ಒಂದು, ಸ್ ಒಂದು. ಶಾಸ್ತ್ರಕ್ಕೂ ಎರಡೇ, ಶಾ ಒಂದು, ಸ್ತ್ರ ಒಂದು’ ಅಂದರು. ಛಂದಸ್ಸಿನ ಲೆಕ್ಕ ಬೇರೆ, ಅಲ್ಲಿ ಕೊನೆಯ ‘ಸ್’ ಹಿಂದಿನ ಅಕ್ಷರದ ಜೊತೆ ಸೇರುತ್ತೆ. ನಾವು ಪದಬಂಧದ ಲೆಕ್ಕ ಅಂತ ತೀರ್ಮಾನ ಮಾಡಿ, ಆ ತೀರ್ಮಾನವನ್ನೇ ಟೆಸ್ಟ್ ಆಗಿ ಬರೆದಿಟ್ವಿ.

ಇದರಿಂದ ಬಂದ ನಿಯಮ ಸುಲಭ. ಪ್ರತಿ ಸ್ವರ ಅಥವಾ ವ್ಯಂಜನ ಹೊಸ ಅಕ್ಷರ ಶುರು ಮಾಡುತ್ತೆ. ಆದರೆ ಅದರ ಹಿಂದಿನ ಸಂಕೇತ ಅರ್ಧಚಿಹ್ನೆ ಆಗಿದ್ರೆ ಹಿಂದಿನದ್ದಕ್ಕೇ ಸೇರಿಕೊಳ್ಳುತ್ತೆ. ಕನ್ನಡ 3, ಅಂಗಡಿ 3, ಶಾಸ್ತ್ರ 2, ಬಸ್ 2. ಈ ಭಾಗದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಟೆಸ್ಟೂ ಸರಿ, ಕೋಡೂ ಸರಿ. ತೊಂದರೆ ಇದ್ದದ್ದು ಪದ ಹುಡುಕೋ ಕಡೆ.

ಸುಳ್ಳು ಹಸಿರು

ನಮ್ಮ ಹಳೇ ಫ್ರೇಮ್‌ವರ್ಕ್ 90 ಸಾಲಿನ ಒಂದು ಫೈಲು. ಒಂದು ವೆಬ್ ಪೇಜ್ ತೆರೆದರೆ ಟೆಸ್ಟ್‌ಗಳೆಲ್ಲಾ ಓಡಿ ಹಸಿರು ಅಥವಾ ಕೆಂಪು ಸಾಲು ಬರ್ತಿತ್ತು. ‘ಪರೀಕ್ಷೆ’ ಅನ್ನೋ ಫಂಕ್ಷನ್ ಮಾಡ್ತಿದ್ದದ್ದು ಇಷ್ಟೇ: ಕೊಟ್ಟ ಟೆಸ್ಟನ್ನು ತಕ್ಷಣ ಓಡಿಸು, ತಪ್ಪು ಎಸೆದರೆ ಕೆಂಪು ಸಾಲು ಬರಿ, ಎಸೆಯದಿದ್ದರೆ ಹಸಿರು ಸಾಲು ಬರಿ.

ಕೋಗಿಲೆ ಟೆಸ್ಟ್ ಹೀಗಿತ್ತು:

ಪರೀಕ್ಷೆ("ಕೋಗಿಲೆ ಪಟ್ಟಿಯಲ್ಲಿ ಸಿಗುತ್ತೆ", () =>
  ಪಟ್ಟಿತಂದಮೇಲೆ((ಪಟ್ಟಿ) =>
    ನಿರೀಕ್ಷೆ(ಹುಡುಕು(ಪಟ್ಟಿ, "ಕೋಗಿಲೆ")).ಸಮ("ಕೋಗಿಲೆ")));

ಪದಗಳ ಪಟ್ಟಿ ಸರ್ವರ್‌ನಿಂದ ಬರಬೇಕು, ಅದಕ್ಕೆ ಸ್ವಲ್ಪ ಸಮಯ ಬೇಕು. ಹಾಗಾಗಿ ‘ಪಟ್ಟಿತಂದಮೇಲೆ’ ತಕ್ಷಣ ಕೊಡೋದು ಒಂದು ಪ್ರಾಮಿಸ್ ಮಾತ್ರ, ಅಂದ್ರೆ ‘ಆಮೇಲೆ ಹೇಳ್ತೀನಿ’ ಅನ್ನೋ ಮಾತು. ನಮ್ಮ ಫ್ರೇಮ್‌ವರ್ಕ್ ಆ ಮಾತನ್ನು ಕೇಳಿಸಿಕೊಂಡು, ಕಾಯದೆ, ‘ತಪ್ಪೇನೂ ಬರಲಿಲ್ಲ’ ಅಂತ ಹಸಿರು ಹಾಕ್ತು. ಹುಡುಗನ್ನ ಹಾಲು ತರೋಕೆ ಅಂಗಡಿಗೆ ಕಳಿಸಿ, ಅವನು ಬೀದಿ ತಿರುವು ದಾಟೋ ಮುಂಚೆಯೇ ‘ಹಾಲು ಬಂತು’ ಅಂತ ಲೆಕ್ಕದ ಪುಸ್ತಕದಲ್ಲಿ ಬರೆದ ಹಾಗೆ. ಅರ್ಧ ಸೆಕೆಂಡ್ ಆದಮೇಲೆ ನಿಜವಾದ ತಪ್ಪು ಬಂದಿತ್ತು. ಅದು ಬ್ರೌಸರ್‌ನ ಕನ್ಸೋಲ್‌ನಲ್ಲಿ ಕೆಂಪಾಗಿ ಬಿದ್ದಿತ್ತು. ಕನ್ಸೋಲ್ ತೆರೆದು ನೋಡಿದವರು ಯಾರೂ ಇಲ್ಲ.

ನಮ್ಮಜ್ಜಿ ತರಕಾರಿ ತಗೊಳ್ಳುವಾಗ ಮೊದಲು, ‘ಖಾಲಿ ತಕ್ಕಡಿ ತೋರಿಸಪ್ಪ’ ಅಂತಾರೆ. ಎರಡು ತಟ್ಟೆಯೂ ಸಮ ನಿಂತರೆ ಮಾತ್ರ ಮುಂದಿನ ವ್ಯಾಪಾರ. ಟೊಮ್ಯಾಟೊ ಎಷ್ಟು ಚೆನ್ನಾಗಿದೆ ಅನ್ನೋದು ಆಮೇಲಿನ ಮಾತು. ನಾವು ಟೊಮ್ಯಾಟೊ ಮಾತ್ರ ನೋಡಿದ್ವಿ, ತಕ್ಕಡಿ ನೋಡಲಿಲ್ಲ.

ಹೆಜ್ಜೆ 1: ಮೊದಲು ಖಾಲಿ ತಕ್ಕಡಿ

ರಿಪೇರಿ ಶುರು ಮಾಡೋ ಮುಂಚೆ ಫ್ರೇಮ್‌ವರ್ಕ್ ಈಗ ಹೇಗೆ ನಡೆದುಕೊಳ್ಳುತ್ತೆ ಅಂತ ಬರೆದಿಡಬೇಕು. ಅದನ್ನು ಅದೇ ಫ್ರೇಮ್‌ವರ್ಕ್‌ನಲ್ಲಿ ಪರೀಕ್ಷೆ ಮಾಡೋಕಾಗಲ್ಲ, ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗಾಗುತ್ತೆ. ಹಾಗಾಗಿ ಬರೀ ‘ಇಫ್’ ಉಪಯೋಗಿಸಿ ಒಂದು ಚಿಕ್ಕ ಫೈಲ್ ಮಾಡಿದ್ವಿ. ಅದಕ್ಕೆ ‘ಖಾಲಿ ತಕ್ಕಡಿ’ ಅಂತಲೇ ಹೆಸರು. ಅದರಲ್ಲಿ ಕಡ್ಡಾಯವಾಗಿ ಫೇಲ್ ಆಗಲೇಬೇಕಾದ 8 ಸಂದರ್ಭಗಳಿವೆ:

1. ಎರಡು ಕೂಡಿಸು ಎರಡು, ಐದಕ್ಕೆ ಸಮ ಅಂತ ಬರೆದ ಟೆಸ್ಟ್.
2. ನಡುವೆ ತಪ್ಪು ಎಸೆಯೋ ಟೆಸ್ಟ್.
3. ಸ್ವಲ್ಪ ಹೊತ್ತಾದಮೇಲೆ ಫೇಲ್ ಆಗೋ ಪ್ರಾಮಿಸ್.
4. ‘ನಾಟ್ ಎ ನಂಬರ್’ ಮತ್ತು ‘ನಲ್’ ಸಮ ಅನ್ನೋ ಟೆಸ್ಟ್.
5. ಬೆಲೆ ಅನ್‌ಡಿಫೈನ್ಡ್ ಆಗಿರೋ ಒಂದು ಕೀ ಇರುವ ಆಬ್ಜೆಕ್ಟ್, ಖಾಲಿ ಆಬ್ಜೆಕ್ಟ್‌ಗೆ ಸಮ ಅನ್ನೋ ಟೆಸ್ಟ್.
6. ಒಳಗೆ ಒಂದೂ ನಿರೀಕ್ಷೆ ಇಲ್ಲದ ಖಾಲಿ ಟೆಸ್ಟ್.
7. ‘ಇದು ತಪ್ಪು ಎಸೆಯಬೇಕು’ ಅಂತ ಹೇಳಿ, ಎಸೆಯದೇ ಇರೋ ಫಂಕ್ಷನ್ ಕೊಟ್ಟ ಟೆಸ್ಟ್.
8. ಒಂದೂ ಟೆಸ್ಟ್ ಇಲ್ಲದ ಫೈಲ್.

ಹಳೇ ಫ್ರೇಮ್‌ವರ್ಕ್‌ಗೆ ಕೊಟ್ವಿ. ಎಂಟರಲ್ಲಿ ಎರಡನ್ನೇ ಹಿಡಿಯಿತು, ಮೊದಲನೆಯದು ಮತ್ತು ಎರಡನೆಯದು. ಉಳಿದ ಆರೂ ಹಸಿರು. ಒಂದು ವರ್ಷದಿಂದ ನಾವು ಈ ಹಸಿರನ್ನ ನಂಬಿಕೊಂಡಿದ್ವಿ.

ಹೆಜ್ಜೆ 2: ರೀಫ್ಯಾಕ್ಟರಿಂಗ್ ಬೇರೆ, ಸುಧಾರಣೆ ಬೇರೆ

ಇಲ್ಲಿ ನಾನು ಕಲಿತ ಮುಖ್ಯ ವಿಷಯ ಇದು. ಮಾರ್ಟಿನ್ ಫೌಲರ್ ಅವರ ‘ರೀಫ್ಯಾಕ್ಟರಿಂಗ್’ ಪುಸ್ತಕ 1999ರಲ್ಲಿ ಬಂತು. ಅದರ ಪ್ರಕಾರ ರೀಫ್ಯಾಕ್ಟರಿಂಗ್ ಅಂದ್ರೆ ಹೊರಗಿನ ನಡವಳಿಕೆ ಬದಲಾಗದ ಹಾಗೆ ಒಳಗಿನ ರಚನೆ ಮಾತ್ರ ಬದಲಾಯಿಸೋದು. ಹೊಸ ಗುಣ ಸೇರಿಸೋದು ಬೇರೆ ಕೆಲಸ. ಎರಡಕ್ಕೂ ಬೇರೆ ಬೇರೆ ಟೋಪಿ, ಒಂದು ಸಲಕ್ಕೆ ಒಂದೇ ಟೋಪಿ ಹಾಕ್ಕೋಬೇಕು ಅನ್ನೋದು ಕೆಂಟ್ ಬೆಕ್ ಅವರ ಹೋಲಿಕೆ.

ಮೊದಲು ನನಗೆ ಇದು ಸುಮ್ಮನೆ ಶಿಸ್ತಿನ ಮಾತು ಅನ್ನಿಸಿತ್ತು. ನೇರವಾಗಿ ಹಳೇ ಕೋಡ್‌ನಲ್ಲೇ ‘ಕಾಯಿ’ ಅಂತ ಒಂದು ಸಾಲು ಸೇರಿಸೋಕೆ ಹೋದೆ. ಆಗಲಿಲ್ಲ. ಯಾಕಂದ್ರೆ ಹಳೆಯದರಲ್ಲಿ ‘ಪರೀಕ್ಷೆ’ ಕರೆದ ಕೂಡಲೇ ಟೆಸ್ಟ್ ಓಡುತ್ತೆ. ಮೊದಲನೆಯದು ಕಾಯ್ತಾ ಇರುವಾಗಲೇ ಎರಡನೆಯದು, ಮೂರನೆಯದು ಶುರುವಾಗಿಬಿಡ್ತಿತ್ತು. ಯಾವ ತಪ್ಪು ಯಾವ ಟೆಸ್ಟ್‌ದು ಅಂತ ಗೊತ್ತಾಗದೆ ಪೇಜ್ ಪೂರ್ತಿ ಕಲಸುಮೇಲೋಗರ ಆಯ್ತು. ವಾಪಸ್ ಮೊದಲಿನ ಸ್ಥಿತಿಗೆ ತಂದು ಕೂತು ಯೋಚನೆ ಮಾಡಿದಾಗ ಹೊಳೆದದ್ದು, ಆ ಒಂದು ಫಂಕ್ಷನ್ ಮೂರು ಕೆಲಸ ಮಾಡ್ತಿದೆ:

ಸಂಗ್ರಹ: ಯಾವ ಯಾವ ಟೆಸ್ಟ್ ಇದೆ ಅಂತ ತಿಳಿಯೋದು.
ಓಟ: ಒಂದೊಂದನ್ನೇ ನಡೆಸೋದು.
ವರದಿ: ಫಲಿತಾಂಶವನ್ನು ಪರದೆಗೆ ಬರೆಯೋದು.

ಇವನ್ನು ಬಿಡಿಸಿದ್ವಿ. ಈಗ ‘ಪರೀಕ್ಷೆ’ ಏನನ್ನೂ ಓಡಿಸಲ್ಲ. ಹೆಸರು ಮತ್ತು ಫಂಕ್ಷನ್ ಎರಡನ್ನೂ ಒಂದು ಅರೇಗೆ ಸೇರಿಸುತ್ತೆ ಅಷ್ಟೇ. ‘ಓಡಿಸು’ ಆ ಅರೇ ತಗೊಂಡು, ಪ್ರತಿಯೊಂದಕ್ಕೂ ಹೆಸರು, ಸ್ಥಿತಿ, ತಪ್ಪು, ತಗೊಂಡ ಸಮಯ ಇರೋ ಒಂದು ಫಲಿತಾಂಶ ಆಬ್ಜೆಕ್ಟ್ ಕೊಡುತ್ತೆ. ‘ವರದಿಮಾಡು’ ಆ ಫಲಿತಾಂಶಗಳನ್ನು ಪೇಜಿಗೆ ಬರೆಯುತ್ತೆ. ಓಡಿಸೋ ಭಾಗಕ್ಕೆ ಪರದೆ ಅಂದ್ರೇನು ಅಂತಾನೇ ಗೊತ್ತಿಲ್ಲ.

ಒಂದು ಕಡೆ ಏಟು ಬಿತ್ತು. ನಮ್ಮ ಎರಡು ಟೆಸ್ಟ್‌ಗಳ ನಡುವೆ ಯಾರೋ ಒಂದು ವೇರಿಯಬಲ್‌ಗೆ ಬೆಲೆ ಕೊಡೋ ಸಾಲು ಬರೆದಿದ್ರು. ಯಾರೋ ಅಂದ್ರೆ ನಾನೇ. ಮೊದಲು ಆ ಸಾಲು ಎರಡು ಟೆಸ್ಟ್‌ಗಳ ಮಧ್ಯೆ ಓಡ್ತಿತ್ತು. ಈಗ ಸಂಗ್ರಹದ ಹಂತದಲ್ಲೇ, ಎಲ್ಲಾ ಟೆಸ್ಟ್‌ಗಿಂತ ಮೊದಲೇ ಓಡಿಬಿಡುತ್ತೆ. ಅದಕ್ಕೆ ಆ ಸಾಲನ್ನು ಟೆಸ್ಟ್ ಒಳಗೆ ಹಾಕಿದ್ವಿ. ಆಮೇಲೆ ಸುಧಾರಣೆಯ ಟೋಪಿ ಹಾಕಿದಾಗ ‘ಪ್ರತಿಸಲಮೊದಲು’ ಅನ್ನೋ ಸೌಲಭ್ಯ ಕೊಟ್ವಿ. ಪ್ರತಿ ಟೆಸ್ಟ್‌ಗೂ ಹೊಸ ಪಟ್ಟಿ, ಹೊಸ ಅಂಕಫಲಕ ಸಿಗುತ್ತೆ. ಒಂದು ಟೆಸ್ಟ್‌ನ ಎಂಜಲು ಇನ್ನೊಂದರ ತಟ್ಟೆಗೆ ಬೀಳಬಾರದು.

ಬಿಡಿಸೋ ಕೆಲಸ ಮುಗಿದಮೇಲೆ ಖಾಲಿ ತಕ್ಕಡಿ ಫೈಲ್ ಓಡಿಸಿದ್ವಿ. ಎಂಟರಲ್ಲಿ ಎರಡೇ. ನನ್ನ ಫ್ರೆಂಡ್‌ಗೆ ನಿರಾಸೆ, ‘ಇಡೀ ಭಾನುವಾರ ಕೂತ್ಕೊಂಡು ಏನೂ ಆಗಿಲ್ಲ ಕಣೇ’ ಅಂದಳು. ಆದರೆ ಎರಡೇ ಬರಬೇಕಿತ್ತು! ಮೂರು ಬಂದಿದ್ರೆ, ಗೊತ್ತಿಲ್ಲದೆ ಏನೋ ಬದಲಾಗಿದೆ ಅಂತ ಅರ್ಥ. ಒಳ್ಳೆಯದೇ ಆಗಿರಲಿ, ಗೊತ್ತಿಲ್ಲದೆ ಆದರೆ ನಂಬೋಕಾಗಲ್ಲ.

ದೊಡ್ಡವರೂ ಹೀಗೇ ಮಾಡಿದ್ದಾರೆ

ಜೆಸ್ಟ್ ಮೊದಲು ಟೆಸ್ಟ್ ಓಡಿಸೋಕೆ ತನ್ನ ಒಳಗೆ ಜಾಸ್ಮಿನ್ ಅನ್ನೇ ಇಟ್ಟುಕೊಂಡಿತ್ತು. ಆಮೇಲೆ ಆ ತಂಡದವರು ‘ಜೆಸ್ಟ್ ಸರ್ಕಸ್’ ಅಂತ ಹೊಸ ರನ್ನರ್ ಬರೆದರು. ಅದರಲ್ಲಿ ‘ಟೆಸ್ಟ್ ಶುರುವಾಯ್ತು’, ‘ಟೆಸ್ಟ್ ಮುಗೀತು’ ಅನ್ನೋ ಈವೆಂಟ್‌ಗಳು ಹೊರಡುತ್ತವೆ, ಬೇಕಾದ ಭಾಗಗಳು ಅವನ್ನು ಕೇಳಿಸಿಕೊಳ್ಳುತ್ತವೆ. ಆದರೆ ಒಂದೇ ದಿನದಲ್ಲಿ ಹಳೆಯದನ್ನು ಕಿತ್ತು ಹಾಕಲಿಲ್ಲ. ಎರಡನ್ನೂ ಜೊತೆಗೆ ಇಟ್ಟುಕೊಂಡು, 2021ರಲ್ಲಿ 27ನೇ ಆವೃತ್ತಿಯಲ್ಲಿ ಸರ್ಕಸ್ ಅನ್ನು ಡೀಫಾಲ್ಟ್ ಮಾಡಿದರು. ಆಗಲೂ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಬರೆದರೆ ಹಳೆಯ ರನ್ನರ್‌ಗೆ ವಾಪಸ್ ಹೋಗಬಹುದಿತ್ತು. ಅಷ್ಟೊಂದು ಜನ ಉಪಯೋಗಿಸೋ ತಕ್ಕಡಿಯನ್ನು ಬದಲಾಯಿಸುವಾಗ ಇರಬೇಕಾದ ಎಚ್ಚರ ಅದು.

ಹೆಜ್ಜೆ 3: ಒಂದೊಂದಾಗಿ ಸುಧಾರಣೆ

ಈಗ ಟೋಪಿ ಬದಲಾಯಿಸೋ ಸಮಯ. ಪ್ರತಿ ಬದಲಾವಣೆಗೂ ಒಂದು ಕಮಿಟ್, ಪ್ರತಿ ಕಮಿಟ್ ಆದಮೇಲೂ ಖಾಲಿ ತಕ್ಕಡಿ.

*ಕಾಯೋದು.* ‘ಓಡಿಸು’ ಒಳಗಿನ ಲೂಪ್‌ನಲ್ಲಿ ಟೆಸ್ಟ್ ಕರೆಯೋ ಜಾಗದಲ್ಲಿ ‘ಅವೇಟ್’ ಸೇರಿಸಿದ್ವಿ. ಒಂದೇ ಒಂದು ಪದ. ಮೊದಲು ಕಲಸುಮೇಲೋಗರ ಆಗಿದ್ದದ್ದು ಈಗ ಐದು ನಿಮಿಷದ ಕೆಲಸ. ರಚನೆ ಸರಿ ಮಾಡಿದ್ದಕ್ಕೆ ಸಿಕ್ಕ ಲಾಭ ಇದು. ಪ್ರಾಮಿಸ್ ಮುಗಿಯೋದೇ ಇಲ್ಲ ಅಂದ್ರೆ? ಅದಕ್ಕೆ ಗಡುವು ಬೇಕು. ಮೋಕಾದಲ್ಲಿ ಡೀಫಾಲ್ಟ್ 2 ಸೆಕೆಂಡ್, ಜೆಸ್ಟ್‌ನಲ್ಲಿ 5 ಸೆಕೆಂಡ್. ನಾವು 2 ಇಟ್ಟುಕೊಂಡ್ವಿ. ಎಂಟರಲ್ಲಿ ಮೂರು.

*ಸಮ ಅಂದ್ರೆ ಸಮ.* ನಮ್ಮ ‘ಸಮ’ ಎರಡೂ ಬೆಲೆಗಳನ್ನು ಜೇಸನ್ ಪಠ್ಯ ಮಾಡಿ ಹೋಲಿಸ್ತಿತ್ತು. ಸುಲಭದ ದಾರಿ, ಆದರೆ ಜೇಸನ್‌ಗೆ ‘ನಾಟ್ ಎ ನಂಬರ್’ ಬರೆಯೋಕೆ ಬರಲ್ಲ, ‘ನಲ್’ ಅಂತ ಬರೆಯುತ್ತೆ. ಅನ್‌ಡಿಫೈನ್ಡ್ ಬೆಲೆ ಇರೋ ಕೀಯನ್ನು ಬಿಟ್ಟೇಬಿಡುತ್ತೆ. ಯಾರೂ ಆಡದಿದ್ದಾಗ ಸರಾಸರಿ ಅಂಕ ಸೊನ್ನೆ ಭಾಗಿಸು ಸೊನ್ನೆ ಆಗಿ ‘ನಾಟ್ ಎ ನಂಬರ್’ ಬರ್ತಿತ್ತು. ಟೆಸ್ಟ್‌ನಲ್ಲಿ ‘ನಲ್ ಬರಬೇಕು’ ಅಂತ ಇತ್ತು. ಹಸಿರು! ಇದರ ಬದಲು ಕೀಗಳ ಪಟ್ಟಿ ಹೋಲಿಸಿ, ಆಮೇಲೆ ಒಂದೊಂದು ಬೆಲೆಯನ್ನೂ ಒಳಗಿಳಿದು ಹೋಲಿಸೋ ಫಂಕ್ಷನ್ ಬರೆದ್ವಿ. ಎಂಟರಲ್ಲಿ ಐದು.

*ಖಾಲಿ ಟೆಸ್ಟ್‌ಗೆ ಪಾಸ್ ಇಲ್ಲ.* ಪ್ರತಿ ಟೆಸ್ಟ್ ಶುರುವಾದಾಗ ಒಂದು ಎಣಿಕೆ ಸೊನ್ನೆ ಮಾಡ್ತೀವಿ. ‘ಸಮ’ ಕರೆದಾಗ ಅದು ಒಂದು ಹೆಚ್ಚಾಗುತ್ತೆ. ಟೆಸ್ಟ್ ಮುಗಿದಾಗಲೂ ಸೊನ್ನೆಯಾಗಿದ್ರೆ ಫೇಲ್. ಗಮನಿಸಿ, ಎಣಿಸೋದು ‘ನಿರೀಕ್ಷೆ’ ಕರೆದಾಗ ಅಲ್ಲ, ‘ಸಮ’ ಕರೆದಾಗ. ಯಾಕಂದ್ರೆ ಬರೀ ‘ನಿರೀಕ್ಷೆ’ ಬರೆದು ‘ಸಮ’ ಮರೆಯೋರು ಇದ್ದಾರೆ. ಇದರಿಂದ ಇನ್ನೊಂದು ಉಪಕಾರವೂ ಆಯ್ತು. ಪ್ರಾಮಿಸ್ ಅನ್ನು ವಾಪಸ್ ಕೊಡೋಕೆ ಮರೆತರೆ ‘ಅವೇಟ್’ ಇದ್ದರೂ ಪ್ರಯೋಜನ ಇಲ್ಲ, ಕಾಯೋಕೆ ಅದರ ಕೈಗೆ ಏನೂ ಸಿಕ್ಕಿರಲ್ಲ. ಆದರೆ ಆ ಹೊತ್ತಿಗೆ ಎಣಿಕೆ ಸೊನ್ನೆ ಇರುತ್ತೆ, ಹಾಗಾಗಿ ಟೆಸ್ಟ್ ಸಿಕ್ಕಿಬೀಳುತ್ತೆ. ಏವಾ ಅನ್ನೋ ಫ್ರೇಮ್‌ವರ್ಕ್‌ನಲ್ಲಿ ಈ ನಿಯಮ ಡೀಫಾಲ್ಟ್ ಆಗೇ ಇದೆ. ಎಂಟರಲ್ಲಿ ಆರು.

*ತಪ್ಪು ಎಸೆಯಲೇಬೇಕು.* ಹಳೆಯದು ತಪ್ಪು ಬಂದರೆ ಹಿಡಿದು ‘ಸರಿ’ ಅಂತಿತ್ತು. ಬರದಿದ್ರೆ ಏನು ಮಾಡಬೇಕು ಅಂತ ನಾವು ಬರೆದೇ ಇರಲಿಲ್ಲ. ಎರಡು ಸಾಲಿನ ರಿಪೇರಿ. ಎಂಟರಲ್ಲಿ ಏಳು.

*ಸೊನ್ನೆ ಟೆಸ್ಟ್.* ‘0 ಫೇಲ್’ ಅಂತ ಹಸಿರು ತೋರಿಸೋದು ನಿಜವೇ, ಆದರೆ ದಾರಿ ತಪ್ಪಿಸೋ ನಿಜ. ಫೈಲ್ ಹೆಸರು ತಪ್ಪಾಗಿ ಬರೆದರೂ ಹಸಿರೇ ಬರ್ತಿತ್ತು. ಈಗ ಒಂದೂ ಟೆಸ್ಟ್ ಸಿಗದಿದ್ರೆ ಕೆಂಪು. ಜೆಸ್ಟ್ ಕೂಡ ಡೀಫಾಲ್ಟ್ ಆಗಿ ಹೀಗೇ ಮಾಡುತ್ತೆ. ಎಂಟಕ್ಕೆ ಎಂಟು.

ವರದಿ ಭಾಗ ಬೇರೆ ಆಗಿದ್ದರಿಂದ ಟರ್ಮಿನಲ್‌ಗೂ ಒಂದು ಚಿಕ್ಕ ವರದಿಗಾರನನ್ನು ಬರೆದ್ವಿ. ನೋಡ್‌ನಲ್ಲಿ 15ನೇ ಆವೃತ್ತಿಯಿಂದ, ಯಾರೂ ಹಿಡಿಯದ ಪ್ರಾಮಿಸ್ ತಪ್ಪು ಬಂದ್ರೆ ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತೆ. ನಾವು ಮೊದಲೇ ಅಲ್ಲಿ ಓಡಿಸಿದ್ರೆ ಕೋಗಿಲೆ ಅವತ್ತೇ ಸಿಕ್ಕಿಬೀಳ್ತಿತ್ತು.

ಹೆಜ್ಜೆ 4: ಕೋಗಿಲೆಗೂ ಕೋಗಿಲೆಗೂ ಏನು ವ್ಯತ್ಯಾಸ?

ಫ್ರೇಮ್‌ವರ್ಕ್ ಸರಿಹೋದ ತಕ್ಷಣ ಕೋಗಿಲೆ ಟೆಸ್ಟ್ ಕೆಂಪಾಯ್ತು. ಅಷ್ಟು ಖುಷಿಯಿಂದ ನಾನು ಯಾವತ್ತೂ ಕೆಂಪು ನೋಡಿರಲಿಲ್ಲ. ಆದರೆ ಪಟ್ಟಿ ತೆರೆದರೆ 212ನೇ ಸಾಲಿನಲ್ಲಿ ಪದ ಕಣ್ಣಿಗೆ ಕಾಣ್ತಿದೆ. ಆ ಸಾಲನ್ನೇ ತೆಗೆದು ಹೋಲಿಸೋ ಇನ್ನೊಂದು ಟೆಸ್ಟ್ ಬರೆದೆ. ಬಂದ ಸಂದೇಶ ನೋಡಿ:

ನಿರೀಕ್ಷಿಸಿದ್ದು: ಕೋಗಿಲೆ
ಬಂದದ್ದು: ಕೋಗಿಲೆ

ಇಂಥ ಸಂದೇಶದಿಂದ ಯಾರಿಗೆ ಏನು ಗೊತ್ತಾಗುತ್ತೆ? ಫೇಲ್ ಅಂತ ಹೇಳಿದರೆ ಸಾಲದು, ಯಾಕೆ ಅಂತಲೂ ಹೇಳಬೇಕು. ಅದಕ್ಕೆ ಎರಡು ಪಠ್ಯಗಳು ಬೇರೆಯಾದಾಗ ಸಂಕೇತಗಳ ಸಂಖ್ಯೆಯನ್ನೂ ತೋರಿಸೋ ಹಾಗೆ ಮಾಡಿದ್ವಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಜಾಗ ಕೊಟ್ಟಿದ್ದಾರೆ. ಈಗ ಬಂದದ್ದು ಹೀಗೆ:

ನಿರೀಕ್ಷಿಸಿದ್ದು: 3221 3275 3223 3263 3250 3270
ಬಂದದ್ದು: 3221 3270 3266 3285 3223 3263 3250 3270

ಮೊದಲನೆಯದು 6, ಎರಡನೆಯದು 8. 3221 ಅಂದ್ರೆ ಕ. 3275 ಅಂದ್ರೆ ಓತ್ವದ ದೀರ್ಘ, ಒಂದೇ ಸಂಕೇತ. ಕೆಳಗಿನದರಲ್ಲಿ ಅದೇ ದೀರ್ಘವನ್ನು ಎತ್ವ, ಊಕಾರದ ಕೊಂಬು, ದೀರ್ಘ ಚಿಹ್ನೆ ಅಂತ ಮೂರು ತುಂಡು ಮಾಡಿ ಬರೆದಿದೆ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ. ಯೂನಿಕೋಡ್ ಪ್ರಕಾರವೂ ಎರಡೂ ಸಮಾನ. ಆದರೆ ಜಾವಾಸ್ಕ್ರಿಪ್ಟ್ ಸಂಕೇತ ಸಂಕೇತ ಹೋಲಿಸಿ ಬೇರೆ ಅನ್ನುತ್ತೆ. ನಮ್ಮ ಪಟ್ಟಿಯ ಒಂದು ಭಾಗ ಹಳೇ ಫಾಂಟ್‌ನಲ್ಲಿದ್ದ ಫೈಲನ್ನು ಕನ್ವರ್ಟ್ ಮಾಡಿ ಅಂಟಿಸಿದ್ದು. ಆ ಹುಡುಗಿ ಫೋನ್ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ್ದು ಒಂದೇ ಸಂಕೇತದ ರೂಪ. ಅಕ್ಷರ ಎಣಿಕೆ ಎರಡರಲ್ಲೂ 3 ಬರೋದರಿಂದ ಅಲ್ಲೂ ಗೊತ್ತಾಗಲಿಲ್ಲ.

ಪರಿಹಾರ ಒಂದು ಸಾಲು. ಜಾವಾಸ್ಕ್ರಿಪ್ಟ್‌ನಲ್ಲಿ ‘ನಾರ್ಮಲೈಸ್’ ಅನ್ನೋ ಮೆಥಡ್ ಇದೆ, ತುಂಡುಗಳನ್ನು ಸೇರಿಸಿ ಒಂದೇ ರೂಪಕ್ಕೆ ತರುತ್ತೆ. ಎಲ್ಲಿ ಹಾಕಬೇಕು ಅನ್ನೋದಕ್ಕೆ ನಮ್ಮಲ್ಲಿ ಜಗಳ ಆಯ್ತು. ಫ್ರೆಂಡ್ ‘ಫ್ರೇಮ್‌ವರ್ಕ್‌ನ ಸಮ ಒಳಗೇ ಹಾಕು, ಎಲ್ಲಾ ಟೆಸ್ಟ್ ಪಾಸ್ ಆಗುತ್ತೆ’ ಅಂದಳು. ಹಾಗೆ ಮಾಡಿದ್ರೆ ಟೆಸ್ಟ್ ಹಸಿರು, ಆಟದಲ್ಲಿ ಕೋಗಿಲೆ ಮತ್ತೆ ‘ಇಲ್ಲ’. ತಕ್ಕಡಿ ದಯೆ ತೋರಿಸಬಾರದು. ಹಾಗಾಗಿ ಆಟದ ಕೋಡ್‌ನಲ್ಲೇ ಹಾಕಿದ್ವಿ: ಪಟ್ಟಿ ಓದುವಾಗ ಒಂದು ಸಲ, ಆಟಗಾರರು ಟೈಪ್ ಮಾಡಿದ್ದನ್ನು ತಗೊಳ್ಳುವಾಗ ಇನ್ನೊಂದು ಸಲ.

ನೀವೂ ಮಾಡಿ ನೋಡಿ

1. ‘ಸಾಫ್ಟ್‌ವೇರ್’ ಪದಕ್ಕೆ ಪದಬಂಧದ ಲೆಕ್ಕದಲ್ಲಿ ಎಷ್ಟು ಅಕ್ಷರ? ಜಾವಾಸ್ಕ್ರಿಪ್ಟ್ 11 ಅನ್ನುತ್ತೆ. ಅದರಲ್ಲಿ ಒಂದು ಸಂಕೇತ ಕಣ್ಣಿಗೇ ಕಾಣಲ್ಲ, ಹುಡುಕಿ. ಅದನ್ನು ತೆಗೆದರೆ ನಮ್ಮ ನಿಯಮದ ಪ್ರಕಾರ ಉತ್ತರ ಎಷ್ಟಾಗುತ್ತೆ?
2. ಪಟ್ಟಿಯಲ್ಲಿ ಆ ಕಾಣದ ಸಂಕೇತ ಇದ್ದು, ಆಟಗಾರರು ಅದಿಲ್ಲದೆ ಟೈಪ್ ಮಾಡಿದ್ರೆ ‘ನಾರ್ಮಲೈಸ್’ ಸಹಾಯ ಮಾಡಲ್ಲ. ನೀವಾದ್ರೆ ಏನು ಮಾಡ್ತೀರಿ?
3. ನಿಮ್ಮ ಪ್ರಾಜೆಕ್ಟ್‌ನ ಒಂದು ಪಾಸ್ ಆಗೋ ಟೆಸ್ಟ್ ತಗೊಳ್ಳಿ. ಕೋಡ್‌ನಲ್ಲಿ ಬೇಕಂತಲೇ ಒಂದು ತಪ್ಪು ಮಾಡಿ. ಟೆಸ್ಟ್ ಕೆಂಪಾಗದಿದ್ರೆ ಅದು ಟೆಸ್ಟೇ ಅಲ್ಲ.

ಮೂರನೆಯದನ್ನು ದಯವಿಟ್ಟು ಇವತ್ತೇ ಮಾಡಿ. ಎರಡು ನಿಮಿಷ ಸಾಕು.

ಕೊನೆಗೆ ಒಂದು ಮಾತು. ಬಹುಮಾನ ಕೊಟ್ಟಾಗಿತ್ತು, ಅದನ್ನು ವಾಪಸ್ ಕೇಳೋದು ಸರಿಯಲ್ಲ. ಸಂಘದ ಮುಂದಿನ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ನಡೆದದ್ದು ಹೇಳಿ, ಲೆಕ್ಕ ತೋರಿಸಿ, ಇಬ್ಬರಿಗೂ ಮೊದಲ ಸ್ಥಾನ ಅಂತ ತಿದ್ದಿದ್ವಿ. ನಾನು ಅವಳ ಹತ್ರ ಹೋಗಿ ‘ಕೋಗಿಲೆ ಕನ್ನಡ ಪದಾನೇ, ನಮ್ಮ ಟೆಸ್ಟ್ ತಪ್ಪಾಗಿತ್ತು, ಸಾರಿ’ ಅಂದೆ. ಅವಳು ನಕ್ಕು, ‘ಪರವಾಗಿಲ್ಲ ಅಕ್ಕ, ಆ ಖಾಲಿ ತಕ್ಕಡಿ ಫೈಲ್ ನನಗೂ ಕಳಿಸಿ’ ಅಂದಳು. ಈಗ ಅದರಲ್ಲಿ ಒಂಬತ್ತನೇ ಸಂದರ್ಭ ಇದೆ. ಅದನ್ನು ಬರೆದದ್ದು ಅವಳೇ.